ಗುಮ್ಮಘಟ್ಟದ ದಾರಿಯ ಬಾವಿ

“ಇಲ್ಲೇ ಎಲ್ಲ್ಯೋ ಒಂದು ಬಾವಿ ಇರಬೇಕಲ್ರಿ ಅಮ್ಮಾ?”

ಈಶ್ವರ್ ಕುರಿದೊಡ್ಡಿಯ ಕಲ್ಲುಗೋಡೆಯ ಮೇಲೆ ನಕ್ಷೆ ಹರಡಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದ. ರಾಯದುರ್ಗದ ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನಿಗೆ ಭಾನುವಾರ ಬಂದರೆ ಇದೇ ಕೆಲಸ. ಬ್ರಿಟಿಷರ ಕಾಲದ ಸರ್ವೆ ನಕ್ಷೆ ಹಿಡಿದು, ಅದರಲ್ಲಿದ್ದ ಗಾಡಿದಾರಿ, ನೀರಿನ ಕುಂಟೆ, ಬಾವಿಗಳು ಏನಾದವೆಂದು ಊರ ಸುತ್ತ ಹುಡುಕುತ್ತಿದ್ದ. ಒಂದು ಕುಂಟೆ ಲೇಔಟ್ ಆಗಿತ್ತು. ಗಾಡಿಯವರು ಎತ್ತು ಬಿಚ್ಚುತ್ತಿದ್ದ ತೋಪಿನಲ್ಲಿ ಜೀನ್ಸ್ ಹೊಲಿಯುವ ಶೆಡ್ ಎದ್ದಿತ್ತು. ಗುಮ್ಮಘಟ್ಟದ ದಾರಿಯಲ್ಲಿ ಗುರುತಿಸಿದ್ದ ಈ ನೀಲಿ ಚುಕ್ಕೆ ಮಾತ್ರ ಸಿಕ್ಕಿರಲಿಲ್ಲ.

ಮರಿಗಳಿಗೆ ಸೊಪ್ಪು ಹಾಕುತ್ತಿದ್ದ ಜುಂಜಮ್ಮ ಸೊಂಟ ನೆಟ್ಟಗೆ ಮಾಡಿದಳು. “ಈ ದೊಡ್ಡಿ ಕೆಳಗ ಐತ್ರಿ ಸಾರ್. ಮುಚ್ಚಿ ಭಾಳ ವರ್ಷ ಆತು.”

“ಬತ್ತಿತ್ತೇನ್ರಿ?”

“ಬತ್ತೋದಾ? ಬ್ಯಾಸಿಗ್ಯಾಗ ಅರ್ಧ ಓಣಿ ಇಲ್ಲಿಂದಾನ ನೀರು ಒಯ್ತಿತ್ತು.”

“ಮತ್ತ ಯಾಕ ಮುಚ್ಚಿದ್ರಿ?”

“ಕುರಿಮರಿ ಬಿದ್ದು ಸತ್ತು ನೀರು ಕೆಟ್ಟಿತ್ತಂತ, ನಮ್ಮನಿಯವ್ರು ಮುಚ್ಚಿದ್ರು. ನಾ ತವರಿಗೆ ಹೋಗಿದ್ದೆ. ಬಂದು ನೋಡಿದ್ರ ಬಾವಿನೂ ಇಲ್ಲ, ಮಗಳೂ ಇಲ್ಲ.” ಈಶ್ವರ್ ತಲೆಯೆತ್ತಿದ. “ಮಂಜುಳ ಅಂತ. ಬಳ್ಳಾರಿ ಕಡೆ ಲಾರಿ ಡ್ರೈವರ್ ಜೊತಿ ಓಡಿ ಹೋದ್ಲು” ಎಂದಳು. ಎಷ್ಟೋ ಜನರಿಗೆ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು. ಬಳ್ಳಾರಿಗೆ ಹೋದಾಗೆಲ್ಲ ಬಸ್ಟ್ಯಾಂಡಿನಲ್ಲಿ ಹೆಂಗಸರ ಮುಖ ನೋಡುತ್ತ ನಿಲ್ಲುವುದು ಅವಳಿಗೆ ರೂಢಿಯಾಗಿತ್ತು.

ಈಶ್ವರ್ ಮಾತು ತಿರುಗಿಸಲೆಂದು, “ಒಂದು ಮರಿ ಬಿದ್ದಿದ್ದಕ್ಕ ಅಂಥಾ ಬಾವಿ ಮುಚ್ಚಿಬಿಟ್ರಾ?” ಎಂದ.

ಜುಂಜಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಮರಿಗಳನ್ನು ನೋಡಿದಳು. ತವರಿನಿಂದ ಬಂದ ಆ ಸಂಜೆ ಅಳುತ್ತಲೇ ಮರಿಗಳನ್ನು ಎಣಿಸಿ ಬುಟ್ಟಿಯ ಕೆಳಗೆ ಮುಚ್ಚಿದ್ದು ಅವಳೇ.

“ಮರಿ ಯಾವ್ದೂ ಕಡಿಮಿ ಆಗಿರಲಿಲ್ಲ” ಎಂದಳು, ತನಗೇ ಎಂಬಂತೆ. ಆಮೇಲೆ ಮನೆಯ ಜಗಲಿಯ ಕಡೆ ತಿರುಗಿದಳು.

ಜಗಲಿಯ ಮೇಲೆ ಕಂಬಳಿ ಹಾಸಿ ಕೂತಿದ್ದ ಅವಳ ಗಂಡ ಪಾಲಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಾರೂ ಏನೂ ಕೇಳುವ ಮೊದಲೇ, “ನಾ ದಬ್ಬಲಿಲ್ಲ” ಎಂದ. “ಆ ಡ್ರೈವರ್ ಸುದ್ದಿಗೆ ಮಗಳಿಗೆ ಬಡದೆ, ಅಷ್ಟ. ಆಕೀನ ಹಾರಿದ್ಲು.”

ದಾರಿಯಲ್ಲಿ ಜನ ತುಂಬಿಕೊಂಡ ಆಟೋ ಒಂದು ಹಾರ್ನ್ ಹೊಡೆಯುತ್ತ ಹೋಯಿತು. ಅದರ ಸದ್ದು ಅಡಗುವವರೆಗೂ ಜುಂಜಮ್ಮ ಕಾದಳು.

“ಹಾರಿದ ಮ್ಯಾಲ ಕೂಗಿದ್ಲೇನು?”

ಅವನು ಕಂಬಳಿಯ ಅಂಚನ್ನು ಕೀಳುತ್ತ ಕೂತ.

“ಪಾಲಯ್ಯ, ಕೂಗಿದ್ಲೇನು?”

ಮದುವೆಯಾದಂದಿನಿಂದ ಒಮ್ಮೆಯೂ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. “ಓಣಿ ಮಂದಿ ಸೇರಿದ್ರ… ಮರ್ಯಾದಿ…” ಎಂದು ಪಾಲಯ್ಯ ಮುಖ ಆಚೆ ತಿರುಗಿಸಿದ.

ಈಶ್ವರ್ ನಕ್ಷೆ ಮಡಚತೊಡಗಿದ. ಹಳೆಯ ಮಡಿಕೆಗಳು ಅವನ ಬೆರಳಿಗೆ ಸಿಗಲಿಲ್ಲ.

“ಅದನ್ನ ಮಡಚಬ್ಯಾಡ್ರಿ ಸಾರ್” ಎಂದಳು ಜುಂಜಮ್ಮ. “ಪೊಲೀಸರಿಗೆ ತೋರಸಾಕ ಬೇಕು. ಫೋನ್ ಹಚ್ರಿ.”

ಅವರು ಬರುವಷ್ಟರಲ್ಲಿ ಅವಳು ಕುರಿಗಳನ್ನು ಹೊರಗೆ ಹೊಡೆದು, ಗೋಡೆಯ ಒಂದು ಮಗ್ಗುಲಿನ ಕಲ್ಲುಗಳನ್ನು ಒಬ್ಬಳೇ ಕಿತ್ತು ಹಾಕಿದ್ದಳು. ಉಗುರುಗಳಲ್ಲಿ ರಕ್ತ ಬಂದಿತ್ತು. ಜೀಪು ಹತ್ತುವ ಮುನ್ನ ಪಾಲಯ್ಯ ನೀರು ಕೇಳಿದ. ಅವಳು ತಿರುಗಿ ನೋಡಲಿಲ್ಲ; ಕಾನ್‌ಸ್ಟೇಬಲ್ ತನ್ನ ಬಾಟಲಿಯನ್ನೇ ಕೊಟ್ಟ.

ಅಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಓಡಿಹೋದವಳ ತಾಯಿ ಎಂದು ಇವಳನ್ನು ಮದುವೆಯ ಹಸೆಗೆ ಕರೆಯುವುದನ್ನೇ ಬಿಟ್ಟಿದ್ದ ಓಣಿಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೂರ ನಿಂತರು. ಪಕ್ಕದ ಮನೆಯ ಮೈಲಾರಮ್ಮ ಮುದ್ದೆ ತಂದಿಟ್ಟಳು. ಅದು ಅಲ್ಲೇ ಒಣಗಿತು. ಈಶ್ವರ್ ಕಾಲೇಜು ಮುಗಿಸಿ ದಿನಾ ಬಂದು ಕೂತು ಹೋಗುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಒಳಗಿನಿಂದ ಹಾರೆಯ ಸದ್ದು ನಿಂತಿತು. ಮೈಗೆಲ್ಲ ಕೆಸರು ಮೆತ್ತಿಕೊಂಡ ಕೂಲಿಯವನು ಏಣಿ ಹತ್ತಿ ತಲೆ ಹೊರಗೆ ಹಾಕಿ, ಯಾರ ಮುಖವನ್ನೂ ನೋಡದೆ, “ಒಂದು ಬಟ್ಟಿ ಕೊಡ್ರಿ” ಎಂದ.

ಜುಂಜಮ್ಮ ಎದ್ದು ಹೋಗಿ, ಬೆಳಗ್ಗೆ ಒಗೆದು ತಂತಿಗೆ ಹಾಕಿದ್ದ ತನ್ನ ಸೀರೆಯನ್ನು ಎಳೆದುಕೊಂಡಳು. ಅದಿನ್ನೂ ಹಸಿಯಾಗಿತ್ತು. ಬಿಗಿಯಾಗಿ ಹಿಂಡಿ, ಕೊಡವಿ, ನೆರಳಿರುವ ಕಡೆ ನೆಲದ ಮೇಲೆ ಹಾಸಿ, ಅಂಗೈಯಿಂದ ಅದರ ಸುಕ್ಕುಗಳನ್ನು ಸವರತೊಡಗಿದಳು.