ಟ್ಯಾಂಕಿನ ಮೇಲೆ ಹನುಮಮ್ಮ

ಅರಸೀಕೆರೆಗೆ ಬಂದವರು ಮೊದಲೆಲ್ಲ ಕೊಬ್ಬರಿ ಮಂಡಿ ಎಲ್ಲಿ ಅಂತ ಕೇಳುತ್ತಿದ್ದರು. ಈಗ ಹಾಸನ, ತಿಪಟೂರು, ಕಡೂರಿನ ಹುಡುಗರು ರೈಲ್ವೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ‘ಸಿರಿ ಅಕ್ಕನ ಶೆಡ್ ಯಾವ ಕಡೆ?’ ಅನ್ನುತ್ತಾರೆ. ಶೆಡ್ಡು ಸಿರಿಯದಲ್ಲ, ಮೆಕ್ಯಾನಿಕ್ ಇಂದ್ರೇಶನದು. ಬೋರ್ಡಿನ ಮೇಲೆ ಅವನ ಹೆಸರೇ ದಪ್ಪಗೆ ಇದೆ, ಪಾಪ. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು?

ಇಂದ್ರೇಶ ಗಾಡಿ ಬಿಚ್ಚಿ ಕಟ್ಟುವುದರಲ್ಲಿ ಗಟ್ಟಿಗ. ಹಳೆಯ ಬುಲೆಟ್ಟೋ ಯೆಜ್ಡಿಯೋ ತಂದು ನಿಲ್ಲಿಸಿದರೆ ಸಾಕು, ಫ್ರೇಮು ಕತ್ತರಿಸಿ, ಸೀಟು ತಗ್ಗಿಸಿ, ಹ್ಯಾಂಡಲ್ಲನ್ನು ಎಮ್ಮೆ ಕೊಂಬಿನ ಹಾಗೆ ಎತ್ತಿ, ಹೆತ್ತ ಕಂಪನಿಗೇ ಗುರುತು ಸಿಗದ ಹಾಗೆ ಮಾಡಿಬಿಡುತ್ತಾನೆ. ಆ ಗಾಡಿಗೆ ಮುಖಲಕ್ಷಣ ಕೊಡುವವಳು ಸಿರಿ. ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಓದು ಮುಗಿದ ಮೇಲೆ ಪ್ರದರ್ಶನಗಳಿಗೂ ಚಿತ್ರ ಕಳಿಸಿದ್ದಳು. ಬಂದವರು ತಲೆದೂಗಿದರು, ಕಾಫಿ ಕುಡಿದರು, ಹೋದರು. ಆಮೇಲೊಂದು ದಿನ ಹುಡುಗಾಟಕ್ಕೆ ಇಂದ್ರೇಶನ ಸ್ವಂತ ಗಾಡಿಯ ಟ್ಯಾಂಕಿಗೆ ಚಿತ್ರ ಬರೆದುಕೊಟ್ಟಳು. ಮಾರನೇ ಬೆಳಗ್ಗೆ ನೋಡಿದರೆ ಬಸ್ ಸ್ಟ್ಯಾಂಡಿನ ಮುಂದೆ ಆ ಗಾಡಿಗೆ ಜನ ಮುತ್ತಿಕೊಂಡಿದ್ದಾರೆ! ಸೌತೆಕಾಯಿ ಮಾರುವವಳು ಸಮೇತ ಬುಟ್ಟಿ ಇಳಿಸಿ ನೋಡುತ್ತಿದ್ದಾಳೆ. ಗೋಡೆಯ ಚಿತ್ರಕ್ಕೆ ಜನ ಹುಡುಕಿಕೊಂಡು ಬರಬೇಕು, ಗಾಡಿಯ ಚಿತ್ರ ತಾನೇ ಜನರ ಬಳಿಗೆ ಹೋಗುತ್ತದಲ್ಲ ಅನ್ನಿಸಿತು ಸಿರಿಗೆ. ಅಂದಿನಿಂದ ಶೆಡ್ಡಿನಲ್ಲೇ ಠಿಕಾಣಿ.

ಗಿರಾಕಿಗಳು ಕೇಳುತ್ತಿದ್ದುದು ಮಾತ್ರ ಹಾಡಿದ್ದೇ ಹಾಡು. ಹದ್ದು ಬರಿ, ಬುರುಡೆ ಬರಿ, ಬೆಂಕಿ ಬರಿ, ಇಲ್ಲವೇ ಹುಲಿ ಕೊಲ್ಲುವ ಸಳನನ್ನು ಬರಿ. ಸಳನನ್ನು ಬರೆದೂ ಬರೆದೂ ಅವಳಿಗೆ ಕೊನೆಗೆ ಆ ಹುಲಿಯ ಮೇಲೇ ಕನಿಕರ ಹುಟ್ಟಿಬಿಟ್ಟಿತ್ತು. ಹೀಗಿರುವಾಗ ಹಳೇಬೀಡಿನ ಕೆರೆ ಪಕ್ಕದ ತೆಂಗಿನ ತೋಟದಲ್ಲಿ ಕಸ್ಟಮ್ ಬೈಕಿನವರ ಕೂಟ ಇದೆ ಅನ್ನುವ ಸುದ್ದಿ ಬಂತು. ಬೆಂಗಳೂರು, ಮಂಗಳೂರಿನಿಂದೆಲ್ಲ ಗಾಡಿಗಳು ಬರುತ್ತವಂತೆ. ಈ ಸಲ ಯಾರ ಬೇಡಿಕೆಯೂ ಬೇಡ, ತನ್ನದೇ ಒಂದು ಗಾಡಿ ಮಾಡಬೇಕು ಅಂತ ಸಿರಿ ಹಟ ಹಿಡಿದಳು. ಮನೆಯ ಹಿಂದೆ ಗೋಣಿಚೀಲ ಹೊದ್ದು ಬಿದ್ದಿದ್ದ ಅಪ್ಪನ ಯೆಜ್ಡಿಯನ್ನು ತಳ್ಳಿಕೊಂಡು ಬಂದು ಇಂದ್ರೇಶನಿಗೆ ಒಪ್ಪಿಸಿದಳು.

ಏನು ಬರೆಯುವುದು? ಬೇಲೂರಿಗೆ ಹೋಗಿ ಗುಡಿಯ ಮದನಿಕೆಯರ ಕೆಳಗೆ ಕತ್ತು ನೋಯುವ ತನಕ ಕೂತಳು. ಒಂದು ಕಾಲಿಗೆ ಭಾರ ಬಿಟ್ಟು, ಸೊಂಟ ವಾಲಿಸಿ, ತಲೆಯ ಮೇಲಿನ ಬಳ್ಳಿಯ ಚಪ್ಪರದತ್ತ ಕೈ ಎತ್ತಿ ನಿಂತ ಕಲ್ಲಿನ ಹೆಣ್ಣುಗಳು. ಈ ನಿಲುವನ್ನು ಎಲ್ಲೋ ನೋಡಿದ್ದೇನಲ್ಲ, ಎಲ್ಲಿ, ಎಲ್ಲಿ ಅಂತ ತಲೆ ಕೆರೆದುಕೊಂಡಳು. ವಾಪಸ್ ಬಸ್ಸಿನಲ್ಲಿ ಹೊಳೆಯಿತು. ಅಜ್ಜಿ! ಬಿಕ್ಕೋಡಿನ ಕಾಫಿ ತೋಟದಲ್ಲಿ ಆಯುಷ್ಯವೆಲ್ಲ ಹಣ್ಣು ಕುಯ್ದ ಹನುಮಮ್ಮ ಇವತ್ತಿಗೂ ಹಿತ್ತಲಿನಲ್ಲಿ ನುಗ್ಗೆಸೊಪ್ಪು ಕೀಳುವಾಗ ಹಾಗೇ ನಿಲ್ಲುತ್ತಾಳೆ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ರೆಂಬೆ ಬಗ್ಗಿಸುವವರಿಗೆ ಬೇರೆ ಯಾವ ನಿಲುವೂ ಬಾರದು.

ಅಲ್ಲಿಂದ ಅಜ್ಜಿಯನ್ನು ಹಿತ್ತಲಿನಲ್ಲಿ ನಿಲ್ಲಿಸಿಕೊಂಡು ಬರೆದದ್ದೇ ಬರೆದದ್ದು.

‘ಏನ್ ಮಗ, ಮುದುಕೀನ ಬಿಸಿಲಾಗೆ ನಿಲ್ಸಿ ಒಣಗಿಸ್ತೀಯಲ್ಲ, ನಾನೇನ್ ಹಪ್ಪಳವಾ?’ ಅಂತ ಹನುಮಮ್ಮ ಗೊಣಗುವಳು. ಆದರೆ ಸೆರಗು ಸರಿಮಾಡಿಕೊಂಡು, ಕೂದಲು ನೀವಿಕೊಂಡು ಮತ್ತೆ ನೆಟ್ಟಗೆ ನಿಲ್ಲುವಳು.

ಟ್ಯಾಂಕನ್ನು ಬಿಚ್ಚಿ, ಮರದ ಸ್ಟ್ಯಾಂಡಿನ ಮೇಲೆ ಕೂರಿಸಿ, ಏರ್‌ಬ್ರಶ್ಶಿನಲ್ಲಿ ಬಳಪದ ಕಲ್ಲಿನ ಬಣ್ಣ ಹಾಯಿಸಿದಳು. ಎರಡೂ ಮಗ್ಗುಲಿಗೆ ಹನುಮಮ್ಮ. ಮದನಿಕೆಯದೇ ನಿಲುವು, ಮುಖ ಮಾತ್ರ ಅಜ್ಜಿಯದು, ಸುಕ್ಕು ಸಮೇತ. ತಲೆಗೆ ಕಟ್ಟಿದ ಬಟ್ಟೆ, ಸೊಂಟಕ್ಕೆ ಬುಟ್ಟಿ, ಮೇಲೆ ಬಳ್ಳಿಯ ಬದಲು ಕಾಫಿ ರೆಂಬೆಯ ಚಪ್ಪರ. ಇಡೀ ಚಿತ್ರ ಕಲ್ಲುಗಪ್ಪು, ಹಣ್ಣುಗಳು ಮಾತ್ರ ಕೆಂಪು. ಮುಗಿಸಿ ಹಿಂದೆ ಸರಿದು ನಿಂತಾಗ ಸಿರಿಗೆ ಎದೆ ತುಂಬಿ ಬಂತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಬರೆದಿರಲಿಲ್ಲ, ಅದು ಅವಳಿಗೇ ಗೊತ್ತಾಗಿತ್ತು. ಇಂದ್ರೇಶ ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ಏನ್ ತಾಯಿ ಇದು! ಅಜ್ಜಿ ಮಾತಾಡಂಗೆ ಅವ್ರೆ’ ಅಂದ.

ಆವತ್ತೇ ಅಪ್ಪ ಶೆಡ್ಡಿಗೆ ಬಂದರು. ನಟರಾಜ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಆ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವರು, ಇಸ್ತ್ರಿ ಇಲ್ಲದ ಶರ್ಟು ಹಾಕಿ ಹಾಲು ತರುವುದಕ್ಕೂ ಹೊರಗೆ ಹೋಗದವರು. ಟ್ಯಾಂಕನ್ನು ನೋಡುತ್ತಲೇ ಅವರ ಮುಖ ಕೆಂಪಾಯಿತು.

‘ಏನೇ ಇದು?’

‘ಅಜ್ಜಿ, ಅಪ್ಪ.’

‘ಅದು ಕಾಣ್ತಿದೆ ಕಣೇ. ಬುಟ್ಟಿ ಯಾಕೆ? ತಲೇಗೆ ಆ ಬಟ್ಟೆ ಯಾಕೆ? ಆ ತೋಟದಿಂದ ಆಚೆ ಬರೋಕೆ ನಾವೆಷ್ಟು ಒದ್ದಾಡಿದೀವಿ ಗೊತ್ತೇನೇ ನಿಂಗೆ? ಹೈಸ್ಕೂಲಲ್ಲಿ ನನಗೆ ಹೆಸರೇ ಇರಲಿಲ್ಲ, “ಆಳಿನ ಮಗ ಬಾರೋ ಇಲ್ಲಿ” ಅನ್ನೋರು. ಈಗ ನೀನು ಅದನ್ನೇ ಪೆಟ್ರೋಲ್ ಟ್ಯಾಂಕಿಗೆ ಬಳಿದು ಊರೂರು ಮೆರೆಸ್ತೀಯಾ?’

‘ಮೆರೆಸೋಕೇ ಬರೆದಿರೋದು ಅಪ್ಪ.’

ಇಂದ್ರೇಶ ಸದ್ದಿಲ್ಲದೆ ಸ್ಪ್ಯಾನರ್ ಹಿಡಿದು ಹಿತ್ತಲಿಗೆ ಜಾರಿಕೊಂಡ. ಅಪ್ಪ ಮಗಳ ಜಗಳದ ಮಧ್ಯೆ ನಿಲ್ಲಬಾರದು ಅನ್ನುವಷ್ಟು ಬುದ್ಧಿ ಅವನಿಗಿತ್ತು.

ಗಾಡಿಯ ಆರ್‌ಸಿ ಇನ್ನೂ ನಟರಾಜರ ಹೆಸರಿನಲ್ಲೇ ಇತ್ತು. ಬೇಡ ಅಂದರೆ ಬೇಡವೇ. ಆದರೆ ಮಗಳು ರಾತ್ರಿ ಹಗಲು ಮೈಬಗ್ಗಿಸಿದ್ದನ್ನು ಅವರೂ ನೋಡಿದ್ದರು. ಕೊನೆಗೆ ಒಂದು ಷರತ್ತಿಗೆ ಇಳಿದರು. ‘ತಗೊಂಡು ಹೋಗು. ಯಾರಾದ್ರೂ ಕೇಳಿದ್ರೆ ಬೇಲೂರಿನ ಮದನಿಕೆ ಅನ್ನು. ಅವ್ವನ ಹೆಸರು ಎತ್ತಕೂಡದು. ಮಾತು ಕೊಡು.’

ಸಿರಿ ಮಾತು ಕೊಟ್ಟಳು. ಇಷ್ಟೆಲ್ಲ ಮಾಡಿದ್ದು ಅಜ್ಜಿಯ ಮುಖ ನಾಕು ಜನ ನೋಡಲಿ ಅಂತ, ಈಗ ಆ ಮುಖಕ್ಕೆ ಕಲ್ಲಿನ ಹೆಸರು ಹೇಳಬೇಕು! ಆದರೆ ಹೇಳದಿದ್ದರೆ ಗಾಡಿಯೇ ಹೊರಡುವುದಿಲ್ಲ. ಅವಳು ಅಪ್ಪನ ಜೊತೆ ಮಾತು ಬಿಟ್ಟಳು.

ಹೊರಡುವ ಮುನ್ನಾ ದಿನ ಇಂದ್ರೇಶ ಟ್ಯಾಂಕನ್ನು ಗಾಡಿಗೆ ಕೂರಿಸಿ ಬೋಲ್ಟು ಬಿಗಿದ. ‘ಹತ್ತಮ್ಮ, ನೋಡೇಬಿಡಾಣ’ ಅಂದ. ಸಿರಿ ಹತ್ತಿ ಕೂತು ಕಾಲು ಮಡಿಸಿದಳು. ಕೆಳಗೆ ನೋಡಿದವಳೇ ಹಾವು ತುಳಿದವಳ ಹಾಗೆ ಕೆಳಗೆ ಹಾರಿದಳು.

ಅವಳ ತೊಡೆ ನೇರ ಅಜ್ಜಿಯ ಸೊಂಟಕ್ಕೆ ಒತ್ತಿತ್ತು, ಮೊಣಕಾಲು ಎದೆಗೆ. ಎರಡೂ ಕಡೆ! ಟ್ಯಾಂಕು ಸ್ಟ್ಯಾಂಡಿನ ಮೇಲಿದ್ದಾಗ ಬೆಳಕು ಲೆಕ್ಕ ಹಾಕಿದ್ದಳು, ಉಬ್ಬುತಗ್ಗು ಲೆಕ್ಕ ಹಾಕಿದ್ದಳು, ಗಾಡಿ ಓಡಿಸುವವರಿಗೆ ಎರಡು ಕಾಲು ಇರುತ್ತವೆ ಅನ್ನುವುದನ್ನೇ ಮರೆತಿದ್ದಳು. ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅಂಥದ್ದರಲ್ಲಿ ಸ್ವಂತ ಅಜ್ಜಿಗೆ ಕಾಲು ಒತ್ತಿಕೊಂಡು ಊರೂರು ಸುತ್ತುವುದೇ?

‘ಬಿಡ್ತು ಅನ್ನು’ ಅಂದ ಇಂದ್ರೇಶ, ತಾನೇ ಕೆನ್ನೆ ಕೆನ್ನೆ ಬಡಿದುಕೊಂಡು. ‘ನಾನಂತೂ ಹತ್ತಲ್ಲ ಕಣಮ್ಮ. ಹೊಸದಾಗಿ ಬರೆಯಕ್ಕೂ ಟೈಮಿಲ್ಲ, ಬಣ್ಣ ಒಣಗಬೇಕಲ್ಲ.’

ಹೀಗೆ ಹಳೇಬೀಡಿಗೆ ಯೆಜ್ಡಿ ಹೊರಟಿದ್ದು ಲಗೇಜ್ ಆಟೋದಲ್ಲಿ, ಹಗ್ಗ ಬಿಗಿಸಿಕೊಂಡು. ಅದರ ಜೊತೆಗೆ ಸಿರಿ, ಇಂದ್ರೇಶ. ಹಿಂದೆ ಬಸ್ಸಿನಲ್ಲಿ ಹನುಮಮ್ಮ, ಅವಳ ಪಕ್ಕದಲ್ಲಿ ನಟರಾಜ್. ಅವ್ವ ಹಟ ಮಾಡಿದಳು ಅಂತ ಬಂದಿದ್ದರು. ಮಗಳು ಮಾತು ಉಳಿಸಿಕೊಳ್ಳುತ್ತಾಳೋ ಇಲ್ಲವೋ ನೋಡುವುದಕ್ಕೂ ಬಂದಿದ್ದರು ಅನ್ನಿ.

ತೋಟದ ತುಂಬ ಗಾಡಿಗಳು. ಒಂದರ ಮುಂದಿನ ಚಕ್ರ ಊರಾಚೆ ಇದೆ, ಇನ್ನೊಂದಕ್ಕೆ ಮಡ್‌ಗಾರ್ಡೇ ಇಲ್ಲ, ಮತ್ತೊಂದರ ಸೈಲೆನ್ಸರ್ ಗುಡುಗಿದರೆ ಕೆರೆಯ ಕೊಕ್ಕರೆಗಳು ಏಳುತ್ತವೆ. ಮಧ್ಯದಲ್ಲಿ ಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಎಳೆದಿದ್ದರು. ಸಿರಿ ಯೆಜ್ಡಿಯನ್ನು ತಳ್ಳಿಕೊಂಡು ವೃತ್ತದ ಹತ್ತಿರ ಬಂದಾಗ ಭವ್ಯಾ ಅಡ್ಡ ನಿಂತಳು. ಕೂಟ ನಡೆಸುವವಳು, ಹಾಸನದವಳು, ಜಾಕೆಟ್ಟಿನ ತುಂಬ ರಸ್ತೆಯ ಧೂಳು.

‘ಓಡಿಸ್ಕೊಂಡು ಬನ್ನಿ. ನಮ್ಮಲ್ಲಿ ರೂಲ್ ಒಂದೇ. ಓಡೋ ಗಾಡಿಗಷ್ಟೇ ಒಳಗೆ ಜಾಗ. ತಳ್ಕೊಂಡು ಬಂದಿದ್ದು ಶೋಕೇಸ್ ಬೊಂಬೆ.’

‘ಸ್ಟಾರ್ಟ್ ಆಗತ್ತೆ ಮೇಡಂ. ನಾನೇ ಹತ್ತಲ್ಲ.’

‘ಯಾಕೆ?’

ಯಾಕೆ ಅಂತ ಹೇಳಿದರೆ ಅದು ಯಾರು ಅಂತಲೂ ಹೇಳಬೇಕಲ್ಲ! ಸಿರಿಯ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ನಟರಾಜ್ ಮೆಲ್ಲಗೆ, ‘ಬಾಮ್ಮ, ಹೋಗೋಣ. ಬಿಡು’ ಅಂದರು. ಆ ದನಿಯಲ್ಲಿ ಒಂಚೂರು ನಿರಾಳ ಇತ್ತು, ಸಿರಿಗೆ ಅದೂ ಕೇಳಿಸಿತು.

‘ಯಾಕ್ ನಿಂತ್ಯವ್ವ?’ ಅಂತ ಹನುಮಮ್ಮ ಜನರನ್ನು ಸರಿಸಿಕೊಂಡು ಬಂದಳು. ಸಿರಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: ಕೂತರೆ ನನ್ನ ಕಾಲು ನಿನಗೆ ತಾಗುತ್ತೆ ಅಜ್ಜಿ, ತಪ್ಪು ಮಾಡಿಬಿಟ್ಟೆ.

ಹನುಮಮ್ಮ ಟ್ಯಾಂಕನ್ನು ನೋಡಿದಳು, ಮೊಮ್ಮಗಳ ಕಾಲನ್ನು ನೋಡಿದಳು, ನಕ್ಕಳು ನೋಡಿ, ಹಲ್ಲಿಲ್ಲದ ಬಾಯಿ ತುಂಬ!

‘ಅಯ್ ನಿನ್ನ! ಇದಕ್ಕಾ ಅಳ್ತಿರದು? ನಿಮ್ಮಪ್ಪಂಗೆ ವರ್ಷ ತುಂಬಿತ್ತು ಕಣವ್ವ, ಬುಡೋಕೆ ಮನೇಲಿ ಯಾರೂ ಇಲ್ಲ. ಈ ಸೊಂಟದಾಗೆ ಬುಟ್ಟಿ, ಆ ಸೊಂಟದಾಗೆ ಇವ್ನು. ಹಂಗೇ ಹಣ್ಣು ಕುಯ್ತಿದ್ದೆ. ಸುಮ್ಕೆ ಇದ್ನಾ? ಒದ್ದೂ ಒದ್ದೂ ನನ್ ಪಕ್ಕೆಯೆಲ್ಲ ಹೆಪ್ಪುಗಟ್ಟಿ ಹೋಗಿತ್ತು. ಮೇಸ್ತ್ರಿ ಬೈತಾನೆ ಅಂತ ಒಂದು ಕೈಯಾಗೆ ಇವ್ನ ಕಾಲು ಹಿಡ್ಕಂಡು, ಒಂದು ಕೈಯಾಗೆ ರೆಂಬೆ ಬಗ್ಗಿಸ್ತಿದ್ದೆ. ಮಕ್ಕಳ ಕಾಲು ತಾಗಿದ್ರೆ ಪಾಪ ಬತ್ತದೆ ಅಂತ ಯಾರ್ ಹೇಳಿದ್ರು ನಿಂಗೆ? ತಾಗದೆ ಇರೋಕೆ ನಾನೇನ್ ಗುಡಿ ಕಲ್ಲಾ? ಹತ್ತೇ!’

ಸಿರಿ ಹತ್ತಿದಳು. ಎರಡನೇ ಒದೆತಕ್ಕೇ ಯೆಜ್ಡಿ ಎದ್ದಿತು. ಮೊಣಕಾಲು ಟ್ಯಾಂಕಿಗೆ ಒತ್ತಿ ವೃತ್ತದ ಒಳಗೆ ಒಂದು ಸುತ್ತು ಹೊಡೆದಳು. ಕಾಫಿ ಹಣ್ಣುಗಳು ಬಿಸಿಲಿಗೆ ಹೊಳೆದವು. ಸುತ್ತ ನಿಂತವರಲ್ಲಿ ಮೊದಲು ಒಬ್ಬ ಸಿಳ್ಳೆ ಹೊಡೆದ, ಆಮೇಲೆ ತೋಟಕ್ಕೆ ತೋಟವೇ ಹಾರ್ನ್ ಒತ್ತಿತು. ಇಂದ್ರೇಶ ಪಕ್ಕದವನ ಬೆನ್ನಿಗೆ ಗುದ್ದಿ, ‘ನಮ್ಮ ಸಿರಿ ಕಣ್ಲಾ, ನಮ್ಮ ಸಿರಿ!’ ಅಂತ ಕೂಗುತ್ತಿದ್ದ.

ಗಾಡಿ ನಿಂತಿತು. ಭವ್ಯಾ ಮಂಡಿಯೂರಿ ಕೂತು, ಮುಟ್ಟಬಾರದು ಅನ್ನುವ ಹಾಗೆ ಕೈ ಹಿಂದಕ್ಕಿಟ್ಟುಕೊಂಡು ಟ್ಯಾಂಕನ್ನು ನೋಡಿದಳು.

‘ಇಷ್ಟು ವರ್ಷದಲ್ಲಿ ಇಂಥ ಟ್ಯಾಂಕ್ ನೋಡಿಲ್ಲ ನಾನು’ ಅಂದಳು. ‘ಆದ್ರೆ ಒಂದು ಹೇಳಿ. ನಮ್ಮೂರಿಗೆ ಬೇಲೂರು ಪಕ್ಕದಲ್ಲೇ, ಅಲ್ಲಿರೋ ಮದನಿಕೆಯರೆಲ್ಲ ನಂಗೊತ್ತು. ಇವರು ಯಾರು?’

ಹಾರ್ನ್‌ಗಳೆಲ್ಲ ನಿಂತಿದ್ದವು. ಕೊಟ್ಟ ಮಾತು ಕೊಟ್ಟದ್ದೇ. ಅಜ್ಜಿ ಪಕ್ಕದಲ್ಲೇ ನಿಂತಿದ್ದಾಳೆ, ಅವಳೆದುರಿಗೇ ಸುಳ್ಳು ಹೇಳಬೇಕು.

‘ಅದು... ಬೇಲೂರಿನ...’

‘ಬೇಲೂರಿಂದಲ್ಲ ಮೇಡಂ’ ಅಂತ ಹಿಂದಿನಿಂದ ಯಾರೋ ಅಂದರು.

ನಟರಾಜ್ ಸುಣ್ಣದ ಗೆರೆ ದಾಟಿ ಒಳಗೆ ಬಂದರು. ಇಸ್ತ್ರಿ ಶರ್ಟು ಬೆವರಿಗೆ ಬೆನ್ನಿಗೆ ಅಂಟಿತ್ತು. ಅವರು ಯಾವತ್ತೂ ನಾಕು ಜನರ ಮುಂದೆ ದನಿ ಎತ್ತಿದವರಲ್ಲ, ಕಚೇರಿಯಲ್ಲಿ ಕೂಡ ಫೈಲಿನ ಹಿಂದಿನಿಂದಲೇ ಮಾತಾಡುವವರು. ಈಗ ಅವ್ವನ ಕೈ ಹಿಡಿದು ಎಲ್ಲರ ಮಧ್ಯೆ ತಂದು ನಿಲ್ಲಿಸಿದರು.

‘ಇವಳೇ. ನಮ್ಮವ್ವ, ಹನುಮಮ್ಮ. ಬಿಕ್ಕೋಡಲ್ಲಿ ಕಾಫಿ ಹಣ್ಣು ಕುಯ್ದು ನನ್ನ ಓದಿಸಿದ್ಲು.’ ಆಮೇಲೆ ಸಿರಿಯ ಕಡೆ ಕೈ ತೋರಿಸಿದರು. ‘ಬರೆದಿರೋಳು ನನ್ನ ಮಗಳು.’

ಭವ್ಯಾ ಎದ್ದು ನಿಂತು, ಹೆಲ್ಮೆಟ್ ಕಂಕುಳಿಗೆ ಸಿಕ್ಕಿಸಿ, ಹನುಮಮ್ಮನಿಗೆ ಕೈ ಮುಗಿದಳು. ಅವಳನ್ನು ನೋಡಿ ಉಳಿದವರೂ ಮುಗಿದರು. ಗಡ್ಡದವರು, ಕೈತುಂಬ ಹಚ್ಚೆಯವರು, ಚರ್ಮದ ಜಾಕೆಟ್ಟಿನವರು, ಎಲ್ಲರೂ. ಹನುಮಮ್ಮ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಿರಿ ಗಾಡಿಯಿಂದ ಇಳಿಯುವುದನ್ನೂ ಮರೆತು ಅಪ್ಪನನ್ನೇ ನೋಡುತ್ತಿದ್ದಳು. ಇವರು ತನ್ನ ಅಪ್ಪ, ಇವಳು ತನ್ನ ಅಜ್ಜಿ, ಇದು ತನ್ನ ಕೈಕೆಲಸ ಅಂತ ಆ ತೋಟದ ಒಂದೊಂದು ತೆಂಗಿನ ಮರಕ್ಕೂ ಕೂಗಿ ಹೇಳಬೇಕು ಅನ್ನಿಸುತ್ತಿತ್ತು ಅವಳಿಗೆ.

ನಟರಾಜ್ ಬಗ್ಗಿ ಟ್ಯಾಂಕಿನ ಹತ್ತಿರ ಮುಖ ತಂದರು. ಬುಟ್ಟಿ ಇಲ್ಲದ ಕಡೆಯ ಸೊಂಟದ ಮೇಲೆ ಬೆರಳಿಟ್ಟರು.

‘ಸಿರಿ’ ಅಂದರು. ಎಷ್ಟೋ ವರ್ಷದಿಂದ ಕಚೇರಿಯ ಭಾಷೆ ಆಡುತ್ತಿದ್ದ ಬಾಯಲ್ಲಿ ಬಿಕ್ಕೋಡು ಬಂದುಬಿಟ್ಟಿತ್ತು. ‘ಇಲ್ಲಿ ನಾನಿದ್ದೆ ಕಣವ್ವ, ಬುಟ್ಟುಹೋಗೀನಿ. ಜಾಗ ಐತೆ. ನನ್ನೂ ಬರಿ.’

‘ಬರಿ ಮಗ’ ಅಂದಳು ಹನುಮಮ್ಮ. ‘ಕಾಲು ಒದೀತಿರಂಗೇ ಬರಿ.’