ಒಳ್ಳೆ ಕಿವಿಯ ಪಕ್ಕದ ಸೀಟು

ಅಚ್ಚಿನ ಯಂತ್ರದ ಸದ್ದಿಗೆ ಡುಮ್ಮನ ಎಡಗಿವಿ ಹೋಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನದ ಸಿನಿಮಾ ಆಟಕ್ಕೆ ಅವನ ಬಲಗಡೆ ಕೂತು, ತಪ್ಪಿಹೋದ ಮಾತನ್ನು ಕಿವಿಗೆ ಒಪ್ಪಿಸುವುದು ಅವನ ಗೆಳೆಯ ದರ್ಜಿಯ ಕೆಲಸ. ಯಾರೂ ವಹಿಸಿದ್ದಲ್ಲ. ಆದರೂ ಆ ಸೀಟು ತನ್ನ ಅಪ್ಪ ಮಾಡಿಟ್ಟ ಆಸ್ತಿ ಎಂಬಂತೆ ಕಾಯ್ದುಕೊಂಡು ಬಂದಿದ್ದ. ಭಾವಮೈದುನನ ಮದುವೆಯ ದಿನವೂ ಅರ್ಧ ಊಟಕ್ಕೇ ಎದ್ದುಬಂದು ಅಲ್ಲಿ ಕೂತ ಪುಣ್ಯಾತ್ಮ ಅವನು.

ಈ ಭಾನುವಾರ ವಕ್ಕರಿಸಿತು ಗಿಣಿ. ಡುಮ್ಮನ ಶಾಲೆಯ ಗೆಳೆಯ, ಬಸ್ ಡ್ರೈವರ್. ಮೂವತ್ತು ವರ್ಷ ಪತ್ತೆಯೇ ಇಲ್ಲದವನು ಈಗ ವರ್ಗವಾಗಿ ಇದೇ ಊರಿಗೆ ಬಂದಿದ್ದ. ಬಾಯಿ ಮುಚ್ಚಿದರೆ ಪ್ರಾಣ ಹೋಗುತ್ತದೆ ಎನ್ನುವ ಜಾತಿ. ಸಾಲಿಗೆ ಮೊದಲು ನುಗ್ಗಿದವನೇ ಒಳಗಿನ ಸೀಟು ಹಿಡಿದ, ಅವನ ಪಕ್ಕ ಡುಮ್ಮ ಕೂತ. ದರ್ಜಿಗೆ ಉಳಿದದ್ದು ಎಡಗಡೆ, ಕಿವುಡು ಕಿವಿಯ ಪಕ್ಕ.

"ಅದು ನಾನು ಕೂರೋ ಜಾಗ," ಎಂದ ದರ್ಜಿ.

"ಕೂತ್ಕೊಳ್ಳಣ್ಣಾ, ಎಲ್ಲಿ ಕೂತ್ರೂ ಕಾಣೋದು ಒಂದೇ ಸಿನಿಮಾ," ಎಂದ ಗಿಣಿ.

ಸಿನಿಮಾ ಮಾತ್ರ ಭರ್ಜರಿಯಾಗಿತ್ತು. ಆಕಾಶನೌಕೆ ಹತ್ತಿ ಹೋದ ಗೆಳೆಯ ನಲವತ್ತು ವರ್ಷದ ಮೇಲೆ ಇಳಿದು ಬರುತ್ತಾನೆ. ಅವನ ಗಡಿಯಾರದಲ್ಲಿ ಕಳೆದದ್ದು ಐದೇ ನಿಮಿಷ, ಇನ್ನೂ ಇಪ್ಪತ್ತರ ಹುಡುಗ. ಇಲ್ಲಿ ಕಾದಿದ್ದ ಮೂವರು ಗೆಳೆಯರಿಗೋ ಬೋಳುತಲೆ, ಮಂಡಿನೋವು. "ಯಜಮಾನ್ರೇ, ನಿಮ್ಮ ಮಗ ನನ್ನ ಜೊತೆ ಓದ್ತಿದ್ದ, ಮನೇಲಿದಾನಾ?" ಎಂದು ಅವನು ಪ್ರಾಣಸ್ನೇಹಿತನನ್ನೇ ಕೇಳಿದಾಗ ದರ್ಜಿಗೂ ನಗು ಉಕ್ಕಿತು. ಪಕ್ಕಕ್ಕೆ ನೋಡಿದ.

ಗಿಣಿ ಡುಮ್ಮನ ಬಲಗಿವಿಗೆ ಬಾಯಿ ಹಚ್ಚಿ, ಸಿನಿಮಾದಲ್ಲಿ ಇದ್ದದ್ದು ಇಲ್ಲದ್ದು ಎಲ್ಲ ಸೇರಿಸಿ ಊದುತ್ತಿದ್ದ. "ನಮ್ಮ ಲೆಕ್ಕದ ಮೇಷ್ಟ್ರ ಥರಾನೇ ಇದಾನೆ ನೋಡೋ!" ಡುಮ್ಮ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಹನ್ನೊಂದು ವರ್ಷದಲ್ಲಿ ದರ್ಜಿಯ ಪಕ್ಕ ಒಂದು ದಿನವೂ ಹೀಗೆ ನಕ್ಕಿರಲಿಲ್ಲ. ದರ್ಜಿ ಹೇಳುತ್ತಿದ್ದದ್ದು ಅಳತೆ ತೆಗೆದ ಹಾಗೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದಕ್ಕಾ ನಗು ಬರಲಿಲ್ಲ ಇವನಿಗೆ? ತಡೆಯಲಾರದೆ ಕಿವುಡು ಕಿವಿಗೇ ಬಗ್ಗಿ, "ಮೂವತ್ತು ವರ್ಷ ಎಲ್ಲಿ ಸತ್ತಿದ್ನಂತೆ ಇವ್ನು?" ಎಂದ. ಡುಮ್ಮ ಮಿಸುಕಲೂ ಇಲ್ಲ.

ಕೊನೆಯ ದೃಶ್ಯ. ಹುಡುಗ ಮತ್ತೆ ನೌಕೆ ಹತ್ತುತ್ತ, ಮುದುಕರ ಕಡೆ ತಿರುಗಿ ಕೈಬೀಸಿದ. "ಐದೇ ನಿಮಿಷ, ಹೀಗೆ ಹೋಗಿ ಹಾಗೆ ಬರ್ತೀನಿ. ಯಾರೂ ಸಾಯ್ಬೇಡಿ!" ಜನ ಬಿದ್ದು ಬಿದ್ದು ನಕ್ಕರು. ಗಿಣಿಗೆ ಉಸಿರೇ ಸಿಕ್ಕಿಕೊಂಡು ಮಾತು ಹೊರಡಲಿಲ್ಲ. ಡುಮ್ಮ ಇಡೀ ಮೈ ತಿರುಗಿಸಿ ದರ್ಜಿಯನ್ನು ನೋಡಿದ.

"ಏನಂದ್ನೋ? ಹೇಳೋ, ಏನಂದ?"

ದರ್ಜಿಗೆ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತ್ತು.

"ನಂಗೂ ಕೇಳಿಸ್ಲಿಲ್ಲ," ಎಂದ.

ಡುಮ್ಮನ ಮುಖ ಇಳಿದುಹೋಯಿತು. "ಅಯ್ಯೋ ದೇವ್ರೇ! ನಂಗೂ ಹೀಗೇ ಕಣೋ ಶುರುವಾಗಿದ್ದು. ಆ ಹೊಲಿಗೆ ಮೆಷಿನ್ ಸದ್ದು ಇರ್ಬೇಕು. ನಾಳೆ ಬೆಳಿಗ್ಗೇನೇ ಕಿವಿ ಡಾಕ್ಟ್ರ ಹತ್ರ ಹೋಗೋಣ. ನಾನು ರಜಾ ಹಾಕ್ತೀನಿ, ನೀನು ಹೆದರ್ಕೋಬೇಡ." ಹೇಳುತ್ತ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ದರ್ಜಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ.

"ನಾವಿಬ್ರೇ ತಾನೇ ಹೋಗೋದು?" ಎಂದ.