ಅಮ್ಮನ ವಿಟಮಿನ್ನು

ಜಡೆಯಲ್ಲಿ ಮಲ್ಲಿಗೆ ದಂಡೆ ಭಾರವಾಗಿದೆ, ಬಸ್ಸು ಬೆಸಗರಹಳ್ಳಿ ಬಿಟ್ಟು ಮದ್ದೂರಿನ ಕಡೆ ತಿರುಗುವಾಗ ಗಮ್ಮೆಂದು ಮೂಗಿಗೆ ಬಡಿಯುತ್ತದೆ, ಅಮ್ಮ ಕಟ್ಟಿದ್ದು, ಎರಡು ವರ್ಷ ದಾರವನ್ನೂ ಹಿಡಿಯಲಾಗದಿದ್ದ ಕೈಯಿಂದ — ಬೆರಳ ಗಿಣ್ಣುಗಳು ನೆಲ್ಲಿಕಾಯಿಯಂತೆ ಊದಿ, ಲೋಟ ಎತ್ತಲಾರದೆ ನನ್ನ ಮುಖ ನೋಡುತ್ತಿದ್ದಳು, ಎಪ್ಪತ್ತಾರರ ಕ್ಯಾಲೆಂಡರಿನ ಕೆಳಗೆ ಕೂತ ಡಾಕ್ಟರು, ನೋಡಿ ಮೇಡಂ, ರೋಗಾಣು ಕೊಲ್ಲಬೇಕಾದ ಬಿಳಿ ರಕ್ತಕಣಗಳು ದಾರಿ ತಪ್ಪಿ ಸ್ವಂತ ಕೀಲನ್ನೇ ಸುಡ್ತಿವೆ, ಮೀನೆಣ್ಣೆ ಕೆಲವರಲ್ಲಿ ಆ ಉರಿ ತಗ್ಗಿಸುತ್ತೆ ಅಂತಾರೆ, ಹೇಗೆ ಅಂತ ಸರಿಯಾಗಿ ಗೊತ್ತಿಲ್ಲ, ಕೊಟ್ಟು ನೋಡೋಣ. ಮೀನೆಣ್ಣೆ, ಈರುಳ್ಳಿ ಕೂಡ ಮುಟ್ಟದ ಅಮ್ಮನಿಗೆ. ಹೊರಗೆ ಕಾಂಪೌಂಡರ್ ಪುಟ್ಟರಾಜು ಸೀಸೆ ಕೊಡುತ್ತಾ, ಮೀನೆಣ್ಣೆ ಅಂತ ಏಳ್ಬ್ಯಾಡಿ ಬುಡಿ ಮೇಡಮ್ನೋರೆ, ವಿಟಮಿನ್ನು ಅಂತ ಕೊಡಿ, ಕೈ ಸರಿಹೋದ್ರೆ ಸಾಕಲ್ವಾ — ಸಾಕು ಅನಿಸಿತು, ಸೀಸೆಯ ಚೀಟಿ ಕಿತ್ತು ಚರಂಡಿಗೆ ಎಸೆದೆ, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು, ನಾಲ್ಕು ತಿಂಗಳು ದಿನಾ ಅಮ್ಮನ ಅಂಗೈಗೆ ಹಳದಿ ಗುಳಿಗೆ ಹಾಕಿದೆ, ಅವಳು ಕಣ್ಣು ಮುಚ್ಚಿ ನುಂಗುತ್ತಿದ್ದಳು, ತೀರ್ಥದಂತೆ ಅಂದುಕೊಂಡೆ. ಊತ ಇಳಿಯಿತು, ಗುಳಿಗೆಯಿಂದಲೇ ಎಂದು ಡಾಕ್ಟರೂ ಆಣೆಯಿಟ್ಟು ಹೇಳಲಿಲ್ಲ, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಇವತ್ತು ಬೆಳಿಗ್ಗೆ ಹಾಲು ತಂದ ಶಿವನಂಜಮ್ಮ ಮಂಡಿ ನೋವು ಎಂದಳು, ಅಮ್ಮನೇ ಸೀಸೆ ತಂದು ತೋರಿಸಿದಳು, ಶಿವನಂಜಮ್ಮ ಮೂಸಿ ನೋಡಿ, ಇದು ಮೀನೆಣ್ಣೆ ಗುಳ್ಗೆ ಕಣ್ರವ್ವ, ನಮ್ ಮಗೀಗೂ ಆಸ್ಪತ್ರೇಲಿ ಕೊಟ್ಟಿದ್ರು — ಅಮ್ಮ, ಇದ್ದೀತು ಶಿವನಂಜಮ್ಮ, ನೀನು ಹೋಗಿ ಬಾ ಅಂದಳು. ಬಾಗಿಲು ಹಾಕಿದಳು. ಅಮ್ಮಾ ತಪ್ಪಾಯಿತು ಅನ್ನುವುದರೊಳಗೆ, ಮೊದಲ ವಾರವೇ ಗೊತ್ತಾಯ್ತು ಕಣೆ ಪದ್ಮ, ತೇಗಿದಾಗ ಸಂತೆಯ ಮೀನಿನ ಸಾಲಿನ ವಾಸನೆ, ತೇಗು ಸುಳ್ಳು ಹೇಳುತ್ಯೇ, ಮತ್ತೆ ಯಾಕಮ್ಮ ನುಂಗಿದೆ ಎಂದೆ, ನೋವು ತಡೆಯೋಕಾಗ್ಲಿಲ್ಲ, ಕೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ ಭಯ, ಮೀನು ನುಂಗಿದ ಕೈ ಅಂತ ದೇವರ ಸಾಮಾನು ಮುಟ್ಟೋದು ಬಿಟ್ಟೆ. ದೀಪ ನೀನೇ ಹಚ್ಚು, ಹೂವು ನೀನೇ ಕೊಯ್ದು ಏರಿಸು ಎಂದಿದ್ದೆಲ್ಲ ಬೆರಳು ನೋವಿಗೆಂದುಕೊಂಡಿದ್ದೆನಲ್ಲ, ಅವಳು ಕಟ್ಟಿದ್ದೆಲ್ಲ ನನ್ನ ಜಡೆಗೇ, ದೇವರ ಮಂಟಪಕ್ಕೆ ಒಂದೆಸಳೂ ಇಲ್ಲ, ನಾನು ಖುಷಿಯಿಂದ ತಲೆ ಬಗ್ಗಿಸುತ್ತಿದ್ದೆ, ಸುಳ್ಳು ನನ್ನದು, ಮೈಲಿಗೆ ಅವಳದಾಯಿತೇ. ಮದ್ದೂರು ಮದ್ದೂರು, ಇಳೀರಿ ಬೇಗ, ಕಂಡಕ್ಟರು ಕೂಗುತ್ತಿದ್ದಾನೆ, ಏಳಬೇಕು, ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ದೀಪ ಗಾಳಿಗೆ ವಾಲಿತ್ತು, ಬತ್ತಿ ಸರಿಮಾಡಲು ಅಮ್ಮ ಮರೆತು ಕೈ ಚಾಚಿದಳು, ಚಾಚಿದ ಕೈ ಮಂಟಪಕ್ಕೆ ಗೇಣು ದೂರದಲ್ಲೇ ನಿಂತಿತು, ಐದು ಬೆರಳೂ ನೆಟ್ಟಗೆ — ಏಳಬೇಕು — ಗೇಣು ದೂರದಲ್ಲಿ, ಐದೂ ನೆಟ್ಟಗೆ